ಜಮ್ಮಾ ಆರ್‌ಟಿಸಿಯಲ್ಲಿ ಸಿಕ್ಕಿಬಿದ್ದ ಸಹಾಯಧನ

ಸಂಪಾದಕರೇ,

ಪಿಎಂ ಕಿಸಾನ್ ಯೋಜನೆ ಶುರುವಾಗಿದ್ದು 2019ರಲ್ಲಿ. ವರ್ಷಕ್ಕೆ 6,000 ರೂಪಾಯಿ, ಎರಡೆರಡು ಸಾವಿರದ ಮೂರು ಕಂತು. ಹಣ ಸಿಗಬೇಕಾದರೆ ಜಮೀನು ನಮ್ಮ ಹೆಸರಲ್ಲಿರಬೇಕು. ಕೊಡಗಿನ ಜಮ್ಮಾ ಜಮೀನಿನವರು, ಅಂದರೆ ತಲೆಮಾರುಗಳಿಂದ ಇಡೀ ಕುಟುಂಬಕ್ಕೆ ಸೇರಿದ ಜಮೀನಿನವರು, ಎಡವುವುದೇ ಇಲ್ಲಿ. ನಮ್ಮ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಇವತ್ತಿಗೂ ಪಟ್ಟೇದಾರರಾಗಿದ್ದ, ಅಂದರೆ ಕುಟುಂಬದ ಹಿರಿಯರಾಗಿ ಜಮೀನು ತಮ್ಮ ಹೆಸರಲ್ಲಿದ್ದ ದೊಡ್ಡಜ್ಜನ ಹೆಸರೇ ಇದೆ, ಪಾಪ, ಅವರು ತೀರಿಹೋಗಿ ಎಷ್ಟೋ ವರ್ಷವಾಯ್ತು. ಕೆಸರಿಗಿಳಿದು ನಾಟಿ ಮಾಡುವ ನಾನು ದಾಖಲೆ ಪ್ರಕಾರ ರೈತನೇ ಅಲ್ಲ!

ಮಳೆಗೆ ಕಾಫಿ ಕಾಯಿ ಉದುರಿ ಗಿಡದ ಬುಡವೆಲ್ಲ ಕಪ್ಪಾದಾಗ ಪರಿಹಾರಕ್ಕೂ ಅರ್ಜಿ ಹಾಕಿದ್ದೆ. ಕಚೇರಿಯವರು ಕಾಗದ ತಿರುಗಿಸಿ ನೋಡಿ, ಕುಟುಂಬದ ಎಲ್ಲರ ಸಹಿ ತನ್ನಿ ಅಂದರು. ಒಬ್ಬ ಬೆಂಗಳೂರಲ್ಲಿ, ಇನ್ನೊಬ್ಬ ದುಬೈನಲ್ಲಿ, ಮತ್ತೊಬ್ಬನ ಜೊತೆ ಮಾತೇ ಇಲ್ಲ. ಸಹಿಗಾಗಿ ಓಡಾಡಿದ ಖರ್ಚೇ ಒಂದು ಕಂತಿಗಿಂತ ಜಾಸ್ತಿ ಆಯ್ತು. ಯಾರು ಉಳುತ್ತಿದ್ದಾರೆ ಅಂತ ಊರಿಗೇ ಬಂದು ಕೇಳಿದರೆ ಆಗಲ್ವಾ?

– ಒಬ್ಬ ಬೆಳೆಗಾರ, ವಿರಾಜಪೇಟೆ ತಾಲ್ಲೂಕು