ಕ್ಯಾಂಪಿಗೆ ಮೊದಲು ಇಪ್ಪತ್ತೈದು ಬಾಟಲಿ

ಸಾಗರ
ಮಾರ್ಚ್ 16

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಎರಡು ಸಲ ಓದಿದೆ. ಹೈಸ್ಕೂಲ್ ಮಕ್ಕಳಿಗೆ ಬಿಸಿನೆಸ್ ಕಲಿಸುವ ಬೇಸಿಗೆ ಕ್ಯಾಂಪ್, ಬೆಂಗಳೂರಲ್ಲಿ 12 ದಿನ, ಊಟ ವಸತಿ ಸೇರಿ 42,000 ರೂಪಾಯಿ. 'ಅಪ್ಪ ನಿಮ್ಮ ಮಾತು ಕೇಳ್ತಾರೆ, ನೀವೇ ಒಪ್ಪಿಸಿ ಅತ್ತೆ' ಅಂತ ಬರೆದಿದ್ದೀಯ. ಫೋನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿನ್ನ ಅಪ್ಪನ ವಿಷಯ. ಅಣ್ಣ 'ಈ ವರ್ಷ ಬೇಡ' ಅಂದಿದ್ದು ನಿನಗೆ ವ್ಯಾಪಾರ ಬೇಡ ಅಂತಲ್ಲ. ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಸೋಗೆ ಒಣಗಿದ್ದು ನೀನು ದೀಪಾವಳಿಗೆ ಬಂದಾಗ ನೋಡಿದ್ದೀಯ. ಎರಡು ಸಲ ಔಷಧಿ ಹೊಡೆಸಿದ್ದಾನೆ. ಅಡಿಕೆ ಅರ್ಧಕ್ಕರ್ಧ ಕಮ್ಮಿ ಬಂದಿದೆ. ಇದನ್ನೆಲ್ಲ ಅವನು ನಿನ್ನ ಹತ್ತಿರ ಹೇಳುವವನಲ್ಲ. ನಾನು ಹೇಳುತ್ತಿದ್ದೇನೆ, ಏಕೆಂದರೆ ವ್ಯಾಪಾರ ಕಲಿಯಬೇಕು ಅನ್ನುವವಳಿಗೆ ಮನೆಯ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿರಬೇಕು.

ಇನ್ನು ನಿನ್ನ ಆಸೆಯ ವಿಷಯ. ನನಗೆ ತುಂಬಾ ಸಂತೋಷವಾಯಿತು ಪುಟ್ಟಿ. ನಿನ್ನ ವಯಸ್ಸಲ್ಲಿ ನಾನು 'ವ್ಯಾಪಾರ ಮಾಡ್ತೀನಿ' ಅಂದಿದ್ದರೆ ಮನೆಯಲ್ಲಿ ಯಾರಿಗೂ ಕಿವಿಗೆ ಬೀಳುತ್ತಿರಲಿಲ್ಲ. ನೀನು ಹೇಳಿದ್ದೀಯ, ನಾನು ಕೇಳಿಸಿಕೊಂಡಿದ್ದೇನೆ. ಹಾಗಾಗಿ ಕ್ಯಾಂಪ್ ಬೇಡ ಅನ್ನುವುದಿಲ್ಲ. ಯಾವ ಕ್ಯಾಂಪ್ ಅನ್ನುವುದೇ ನನ್ನ ಪ್ರಶ್ನೆ.

ಅವರು ಕೊಟ್ಟಿರುವ ವೇಳಾಪಟ್ಟಿಯನ್ನು ಬೆರಳಿಟ್ಟು ಓದಿದೆ. ಐಡಿಯಾ ಹುಡುಕುವುದು, ಲೋಗೋ ಮಾಡುವುದು, ಬಿಸಿನೆಸ್ ಪ್ಲಾನ್ ಬರೆಯುವುದು, ಕೊನೆಯ ದಿನ ತೀರ್ಪುಗಾರರ ಮುಂದೆ ಸ್ಲೈಡ್ ತೋರಿಸಿ ಮಾತಾಡುವುದು, ಸರ್ಟಿಫಿಕೇಟ್. ಹನ್ನೆರಡು ದಿನದಲ್ಲಿ ಒಂದು ದಿನವೂ ನೀವು ಯಾರಿಗೂ ಏನನ್ನೂ ಮಾರುವುದಿಲ್ಲ. ಒಂದು ರೂಪಾಯಿ ನಿಮ್ಮ ಕೈಗೆ ಬರುವುದಿಲ್ಲ, ನಿಮ್ಮ ಕೈಯಿಂದ ಹೋಗುವುದೂ ಇಲ್ಲ. ನಾಲ್ಕು ಜನರ ಮುಂದೆ ಧೈರ್ಯವಾಗಿ ಮಾತಾಡುವುದು ಒಳ್ಳೆಯದೇ. ಆದರೆ ಅದಕ್ಕೆ ನಿನ್ನ ಶಾಲೆಯ ಚರ್ಚಾಸ್ಪರ್ಧೆ ಸಾಕು, ಅಲ್ವಾ?

ಮಕ್ಕಳಿಗೆ ವ್ಯಾಪಾರ ಕಲಿಸುವುದು ಹೊಸದೇನಲ್ಲ. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್ ಅಂತ ಒಂದು ಊರು. ಅಲ್ಲಿ 1919ರಲ್ಲೇ ಜೂನಿಯರ್ ಅಚೀವ್‌ಮೆಂಟ್ ಅನ್ನುವ ಸಂಸ್ಥೆ ಶುರುವಾಯಿತು. ಕಾಗದದ ಕಾರ್ಖಾನೆಯ ಹೊರೇಸ್ ಮೋಸೆಸ್, ಟೆಲಿಫೋನ್ ಕಂಪನಿಯ ಥಿಯೋಡೋರ್ ವೇಲ್ ಅಂಥವರು ಸೇರಿ ಕಟ್ಟಿದ್ದು. ಅದರ ಕ್ರಮ ನನಗೆ ಬಹಳ ಇಷ್ಟ. ಹೈಸ್ಕೂಲ್ ಮಕ್ಕಳೇ ಒಂದು ಸಣ್ಣ ಕಂಪನಿ ಮಾಡುತ್ತಾರೆ. ಬಂಡವಾಳಕ್ಕೆ ಅಕ್ಕಪಕ್ಕದವರಿಗೆ ಷೇರು ಮಾರುತ್ತಾರೆ. ಏನಾದರೂ ಒಂದು ವಸ್ತು ಮಾಡಿ ಮಾರುತ್ತಾರೆ. ಕೊನೆಗೆ ಲೆಕ್ಕ ಮುಗಿಸಿ, ಉಳಿದದ್ದನ್ನು ಷೇರು ಕೊಂಡವರಿಗೆ ಹಂಚಿ ಕಂಪನಿ ಮುಚ್ಚುತ್ತಾರೆ. ಆ ಕೊನೆಯ ಹೆಜ್ಜೆ ನೋಡು. ದುಡ್ಡು ಕೊಟ್ಟ ಪಕ್ಕದ ಮನೆಯ ಅಜ್ಜಿಯ ಎದುರು ನಿಂತು 'ಇಷ್ಟು ಬಂತು, ಇಷ್ಟು ಹೋಯಿತು' ಅಂತ ಹೇಳಬೇಕು. ಅದನ್ನು ಹದಿನಾಲ್ಕನೇ ವಯಸ್ಸಲ್ಲಿ ಒಂದು ಸಲ ಮಾಡಿದವರು ಜೀವಮಾನ ಮರೆಯುವುದಿಲ್ಲ. ಆ ಸಂಸ್ಥೆ ಈಗ ಭಾರತದಲ್ಲೂ ಕೆಲಸ ಮಾಡುತ್ತಿದೆ.

ನಿನ್ನ ಗೆಳತಿ ಅಮೆರಿಕದ ಕ್ಯಾಂಪಿಗೇ ಹೋಗುತ್ತಾಳಂತೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಅನ್ನುವ ಬಿಸಿನೆಸ್ ಸ್ಕೂಲ್ 1881ರಲ್ಲಿ ಶುರುವಾದದ್ದು, ದೊಡ್ಡ ಹೆಸರು. ಹೈಸ್ಕೂಲ್ ಮಕ್ಕಳಿಗೆ ಬೇಸಿಗೆಯಲ್ಲಿ ಪಾಠ ನಡೆಸುತ್ತಾರೆ, ನಿಜ. ಆದರೆ ಅವರ ಬೇಸಿಗೆ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ. ನಮ್ಮದು ಏಪ್ರಿಲ್, ಮೇ. ಅವರ ಕ್ಯಾಂಪ್ ನಡೆಯುವಾಗ ನಿನಗೆ ಎಸ್ಸೆಸ್ಸೆಲ್ಸಿ ಪಾಠ ಶುರುವಾಗಿರುತ್ತದೆ, ಹೊರಗೆ ಜೋರು ಮಳೆ ಹಿಡಿದಿರುತ್ತದೆ. ಇನ್ನೊಂದು ಮಾತು. ಕಾಲೇಜಿನ ಅಂಗಳದಲ್ಲಿ ಕ್ಯಾಂಪಿಗೆ ದುಡ್ಡು ಕಟ್ಟಿ ಕೂತರೆ ಮುಂದೆ ಅದೇ ಕಾಲೇಜಲ್ಲಿ ಸೀಟು ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಅದೇ ಬೇರೆ, ಇದೇ ಬೇರೆ. ಆ ಆಸೆಯಿಂದ ಹೋಗುವುದಾದರೆ ದುಡ್ಡು ದಂಡ.

ಈಗ ನನ್ನ ಕತೆ ಕೇಳು. ನಿನಗೆ ನಾನು ಉಪ್ಪಿನಕಾಯಿ ಅತ್ತೆ ಅಂತಷ್ಟೇ ಗೊತ್ತು. ಶುರುವಿನ ಎರಡು ವರ್ಷ ಏನಾಯಿತು ಅಂತ ಮನೆಯಲ್ಲೂ ಪೂರ್ತಿ ಹೇಳಿಲ್ಲ.

1999ರಲ್ಲಿ ನಮ್ಮ ಹೊಳೆ ಬದಿಯ ಅಪ್ಪೆಮಿಡಿ ಮಾವಿನ ಮರ ಮುರಿದು ಬೀಳುವಷ್ಟು ಕಾಯಿ ಬಿಟ್ಟಿತ್ತು. ಆ ಮರದ ಮಿಡಿಯ ತೊಟ್ಟು ಮುರಿದರೆ ಸೊನೆ ಚಿಮ್ಮಿ ಮನೆಯೆಲ್ಲ ಜೀರಿಗೆ ವಾಸನೆ. ಮೇಲೆ ಹತ್ತಿದವನು ಕಲ್ಲಿಯಲ್ಲಿ, ಅಂದರೆ ಬಲೆಚೀಲದಲ್ಲಿ, ತುಂಬಿ ಹಗ್ಗ ಕಟ್ಟಿ ಇಳಿಸುತ್ತಿದ್ದ. ಒಂದೂ ನೆಲಕ್ಕೆ ಬೀಳಬಾರದು, ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ಉಪ್ಪಲ್ಲಿ ಹಾಕಿ, ಮಿಡಿ ಸುಕ್ಕುಗಟ್ಟಿದ ಮೇಲೆ ಮೆಣಸು ಸಾಸಿವೆ ಅರೆದು ಬೆರೆಸಿದೆ. 120 ಬಾಟಲಿ ಆಯಿತು. ಒಂದೊಂದರಲ್ಲಿ 40 ಮಿಡಿ.

ಆಗ ನಾನು ಬರೆದ ಲೆಕ್ಕ ಇನ್ನೂ ಇದೆ, ಹಳೆ ಡೈರಿಯಲ್ಲಿ. ಬಾಟಲಿ, ಮುಚ್ಚಳ ಸೇರಿ 6 ರೂಪಾಯಿ. ಉಪ್ಪು, ಮೆಣಸು, ಸಾಸಿವೆ, ಅರಿಶಿನ 9 ರೂಪಾಯಿ. ಚೀಟಿ 1 ರೂಪಾಯಿ. ಒಟ್ಟು 16. ಪೇಟೆಯ ಒಂದು ಅಂಗಡಿಯವರು 35ಕ್ಕೆ ತೆಗೆದುಕೊಂಡರು. ಬಾಟಲಿಗೆ 19 ರೂಪಾಯಿ ಲಾಭ ಅಂತ ಕುಣಿದೆ. ಮುಂದಿನ ವರ್ಷವೂ 120 ಬಾಟಲಿ ಅದೇ ಬೆಲೆಗೆ ಕೊಡುತ್ತೇನೆ ಅಂತ ಮಾತು ಕೊಟ್ಟೆ.

ಎಲ್ಲಿ ತಪ್ಪಿದೆ ಹೇಳು ನೋಡೋಣ? ಮುಂದೆ ಓದುವ ಮೊದಲು ಸ್ವಲ್ಪ ಯೋಚಿಸು.

ಮಿಡಿಗೆ ನಾನು ಬೆಲೆಯನ್ನೇ ಹಾಕಿರಲಿಲ್ಲ. ಮನೆ ಮರದ್ದು ಅಲ್ವಾ, ಸುಮ್ನೆ ಬಂದದ್ದು ಅಂದುಕೊಂಡಿದ್ದೆ. ಮಾವು ಒಂದು ವರ್ಷ ಜಾಸ್ತಿ ಬಿಟ್ಟರೆ ಮುಂದಿನ ವರ್ಷ ಕೈಕೊಡುವುದು ಊರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಆದರೂ ಲೆಕ್ಕದಲ್ಲಿ ತರಲಿಲ್ಲ. 2000ದಲ್ಲಿ ಆ ಮರದಲ್ಲಿ ನೂರು ಮಿಡಿಯೂ ಇರಲಿಲ್ಲ. ಮಾತು ಕೊಟ್ಟಾಗಿತ್ತು. ಬೇರೆಯವರಿಂದ ನೂರಕ್ಕೆ 50 ರೂಪಾಯಿಯಂತೆ ಕೊಂಡೆ. 40 ಮಿಡಿಗೆ 20 ರೂಪಾಯಿ. 16ಕ್ಕೆ 20 ಸೇರಿಸು. 36 ರೂಪಾಯಿ ಹಾಕಿ ಮಾಡಿದ್ದನ್ನು 35ಕ್ಕೆ ಕೊಟ್ಟೆ. ಅದರ ಮೇಲೆ ಇಬ್ಬರು ಹೆಂಗಸರ ಕೂಲಿ ಬೇರೆ. ನನ್ನ ಕೂಲಿಯನ್ನು ಆಗಲೂ ಬರೆಯಲಿಲ್ಲ. ರಾತ್ರಿ ಹನ್ನೊಂದರವರೆಗೆ ಅರೆದು ಅರೆದು ಅಂಗೈ ಉರಿಯುತ್ತಿತ್ತು. ಅದಕ್ಕೆ ಬೆಲೆ ಇದೆ ಅಂತ ನನಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಹೆಂಗಸರು ಮಾಡುವ ಕೆಲಸ ಯಾವ ಲೆಕ್ಕದ ಪುಸ್ತಕದಲ್ಲೂ ಇರುತ್ತಿರಲಿಲ್ಲ, ನಾನೂ ಹಾಗೇ ಬೆಳೆದವಳು. ನೀನು ಹಾಗೆ ಮಾಡಬೇಡ. ಮೊದಲ ದಿನದಿಂದಲೇ ನಿನ್ನ ಗಂಟೆಗಳನ್ನು ಬರೆ.

ಅದಾದ ಮೇಲೆ ಬೆಂಗಳೂರಿನ ಒಂದು ಅಂಗಡಿಗೆ 60 ಬಾಟಲಿ ಉದ್ರಿ ಕೊಟ್ಟೆ. ದುಡ್ಡು ಇವತ್ತಿನವರೆಗೂ ಬಂದಿಲ್ಲ. ಬರೆದುಕೊಟ್ಟ ಚೀಟಿ ಇಲ್ಲ, ಬಿಲ್ ಇಲ್ಲ, ಏನಂತ ಕೇಳುವುದು?

ಈ ಎರಡು ಪಾಠವನ್ನು ಸ್ಲೈಡ್ ಮೇಲೆ ಯಾರು ಬೇಕಾದರೂ ಬರೆದು ತೋರಿಸಬಹುದು. ನೀನು ತಲೆಯಾಡಿಸುತ್ತೀಯ, ಊಟದ ಹೊತ್ತಿಗೆ ಮರೆತಿರುತ್ತೀಯ. ನಿನ್ನದೇ ಇನ್ನೂರು ರೂಪಾಯಿ ಹೋದರೆ ಮರೆಯುವುದಿಲ್ಲ. ಅದಕ್ಕೇ ನಾನು ಕೈಯಲ್ಲಿ ದುಡ್ಡು ಓಡಾಡುವ ಕ್ಯಾಂಪ್ ಹುಡುಕು ಅನ್ನುತ್ತಿರುವುದು.

ಹಾಗಾಗಿ ಆ ಕ್ಯಾಂಪಿನವರಿಗೆ ನೀನೇ ಫೋನ್ ಮಾಡು. ಅಪ್ಪನ ಕೈಲಿ ಮಾಡಿಸಬೇಡ. 'ನಾವು ಗುರುತಿಲ್ಲದವರಿಗೆ ಏನನ್ನಾದರೂ ನಿಜವಾಗಿ ಮಾರುತ್ತೇವಾ?' ಅಂತ ಕೇಳು. ಕಲಿಸುವವರು ಯಾರು, ಅವರು ಎಂದಾದರೂ ತಮ್ಮ ಅಂಗಡಿಯೋ ಕಾರ್ಖಾನೆಯೋ ನಡೆಸಿ ತಿಂಗಳ ಕೊನೆಗೆ ನಾಲ್ಕು ಜನರಿಗೆ ಸಂಬಳ ಕೊಟ್ಟವರಾ ಅಂತ ಕೇಳು. ಹುಡುಗಿಯರ ವಸತಿ ಎಲ್ಲಿ, ರಾತ್ರಿ ಯಾರು ಇರುತ್ತಾರೆ, ಮಧ್ಯದಲ್ಲಿ ಜ್ವರ ಬಂದು ವಾಪಸ್ ಬಂದರೆ ದುಡ್ಡಿನ ಕತೆ ಏನು, ಇದನ್ನು ಅಮ್ಮ ಕೇಳಿಯೇ ಕೇಳುತ್ತಾಳೆ. ಮೊದಲ ಪ್ರಶ್ನೆಗೆ 'ಇಲ್ಲ' ಅಂದರೆ ಬೇರೆ ಕ್ಯಾಂಪ್ ನೋಡು.

ಕ್ಯಾಂಪಿಗೆ ಮೊದಲು ನೀನು ಮಾಡಬಹುದಾದದ್ದು ಶಿವಮೊಗ್ಗದಲ್ಲೇ ಇದೆ. ಅಪ್ಪ ಅಡಿಕೆ ಹಾಕಲು ಮ್ಯಾಮ್‌ಕೋಸ್‌ಗೆ ಹೋಗುವಾಗ ಒಂದು ಬೆಳಿಗ್ಗೆ ನೀನೂ ಹೋಗು. ಬೆಳೆಗಾರರು ಸೇರಿ 1939ರಲ್ಲಿ ಕಟ್ಟಿದ ಸಹಕಾರ ಸಂಘ ಅದು. ಒಬ್ಬೊಬ್ಬರೇ ಮಂಡಿಗೆ ಹೋದರೆ ಹೇಳಿದ ಬೆಲೆಗೆ ಕೊಡಬೇಕು, ಒಟ್ಟಿಗೆ ಹೋದರೆ ಮಾತಿಗೆ ಬೆಲೆ. ಅಲ್ಲಿ ಗೋಣಿಚೀಲ ಬಿಚ್ಚಿ ಒಂದು ಹಿಡಿ ಅಡಿಕೆ ಅಂಗೈಗೆ ಹಾಕಿಕೊಂಡು ನೋಡುತ್ತಾರೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆಗಳು, ಒಂದೊಂದಕ್ಕೆ ಒಂದೊಂದು ಬೆಲೆ. ಒಂದೇ ತೋಟ, ಒಂದೇ ಮರ. ಎಳೆಯದಾಗಿ ಕೊಯ್ದು ಬೇಯಿಸಿದ್ದು ಸರಕಾಗುತ್ತದೆ, ಬಲಿತು ಹೋದದ್ದು ಗೊರಬಲು. ಕೊಯ್ಲು ಕೆಲವು ದಿನ ತಡವಾದರೆ ಕ್ವಿಂಟಲಿಗೆ ಎಷ್ಟು ವ್ಯತ್ಯಾಸ ಅಂತ ಅಪ್ಪನನ್ನೇ ಕೇಳು. ಅವನು ಇಷ್ಟು ವರ್ಷ ಮಾಡುತ್ತಿರುವುದೂ ಬಿಸಿನೆಸ್ಸೇ. ಮಗಳು ಕೇಳಿದರೆ ಅವನಿಗೆ ಎಷ್ಟು ಖುಷಿಯಾಗುತ್ತದೆ ಅಂತ ನಿನಗೆ ಗೊತ್ತಿಲ್ಲ ಮಾರಾಯ್ತಿ.

ಇಲ್ಲಿಗೆ ಬಂದಾಗ ಹೆಗ್ಗೋಡಿನ ಚರಕ ಅನ್ನುವ ಸಂಸ್ಥೆಗೆ ಕರೆದುಕೊಂಡು ಹೋಗುತ್ತೇನೆ. ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ನೂಲಿಗೆ ಬಣ್ಣ ಹಾಕುತ್ತಾರೆ. ಕೈಮಗ್ಗದ ಬಟ್ಟೆ, ಹಳ್ಳಿಯ ಹೆಂಗಸರದೇ ಸಹಕಾರ ಸಂಘ.

ಕಾನೂನಿನ ಒಂದು ವಿಷಯ ತಿಳಿದಿರು. 1872ರ ಒಪ್ಪಂದ ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ಬೆಲೆ ಇಲ್ಲ. ಅಂಗಡಿಗೆ ಮಾಲು ಕೊಡುವಾಗ ಬಿಲ್ ನನ್ನ ಹೆಸರಲ್ಲಿರಬೇಕು. ಬ್ಯಾಂಕ್ ಖಾತೆ ಮಾತ್ರ ನಿನ್ನ ಹೆಸರಲ್ಲೇ ಇರಬಹುದು, ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕ್ ಹಾಕಿದ ಮಿತಿಯೊಳಗೆ ತಾವೇ ನಡೆಸಬಹುದು. ಬಾಟಲಿಯ ಮೇಲಿನ ಚೀಟಿಯನ್ನೂ ಒಮ್ಮೆ ಓದು. ತೂಕ, ಎಂಆರ್‌ಪಿ, ಮಾಡಿದ ತಿಂಗಳು, ವಿಳಾಸ, ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು. ಒಂದೊಂದೂ ಯಾಕೆ ಇದೆ ಅಂತ ಬಂದಾಗ ಹೇಳುತ್ತೇನೆ.

ನನ್ನ ಲೆಕ್ಕ ಹೀಗಿದೆ. ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಹತ್ತು ದಿನ ಇಲ್ಲಿಗೆ ಬಾ. ಮಸಾಲೆ ಬೆರೆಸುವ ಕೆಲಸ ಆಗಲೇ ಇರುತ್ತದೆ, ನಿನಗೂ ದಿನದ ಕೂಲಿ ಕೊಡುತ್ತೇನೆ. ವಾಪಸ್ ಹೋಗುವಾಗ 25 ಬಾಟಲಿ ಅಸಲು ಬೆಲೆಗೆ ಉದ್ರಿ ಕೊಡುತ್ತೇನೆ. ಶಿವಮೊಗ್ಗದಲ್ಲಿ ಮಾರು. ನೆಂಟರಿಗೆ, ಅಮ್ಮನ ಸ್ನೇಹಿತೆಯರಿಗೆ, ನಿನ್ನ ಟೀಚರಿಗೆ ಮಾರುವಂತಿಲ್ಲ. ಅವರು ನಿನ್ನ ಮುಖ ನೋಡಿ ಕೊಳ್ಳುತ್ತಾರೆ. ಗುರುತಿಲ್ಲದವರು ಮುಚ್ಚಳ ತೆಗೆದು ಮೂಸಿ ನೋಡಿ, 'ಜಾಸ್ತಿ ಆಯ್ತು' ಅಂದು ಹೋಗುತ್ತಾರೆ. ಹತ್ತು ಜನ ಹೋದ ಮೇಲೆ ಹನ್ನೊಂದನೆಯವರು ತಗೊಳ್ಳುತ್ತಾರೆ. ಮೊದಲ ಹತ್ತು ಜನ ಏನು ಹೇಳಿದರು ಅಂತ ಬರೆದಿಡು. ಅಳು ಬಂದರೆ ನನಗೆ ಫೋನ್ ಮಾಡು, ನನಗೂ ಬಂದಿತ್ತು.

ಮೇ ಮೊದಲ ವಾರ ನನ್ನ ಹತ್ತಿರ ಲೆಕ್ಕ ಒಪ್ಪಿಸು. ಲಾಭ ಬಂತೋ ನಷ್ಟ ಬಂತೋ ಅದು ನನಗೆ ಮುಖ್ಯವಲ್ಲ, ಲೆಕ್ಕ ಸರಿಯಿರಬೇಕು. ಸರಿಯಿದ್ದರೆ ಕ್ಯಾಂಪಿನ ಅರ್ಧ ದುಡ್ಡು, 21,000, ನಾನು ಕೊಡುತ್ತೇನೆ. ಉಳಿದರ್ಧದ ಬಗ್ಗೆ ಅಣ್ಣನ ಹತ್ತಿರ ನಾನೇ ಮಾತಾಡುತ್ತೇನೆ. ಅಲ್ಲಿ ಹೋಗಿ ಕೂತಾಗ ಉಳಿದ ಮಕ್ಕಳು ಐಡಿಯಾ ಹೇಳುತ್ತಿರುತ್ತಾರೆ, ನಿನ್ನ ಹತ್ತಿರ ಇಪ್ಪತ್ತೈದು ಬಾಟಲಿಯ ಲೆಕ್ಕ ಇರುತ್ತದೆ. ಕಲಿಸುವವರಿಗೆ ಕೇಳುವ ಪ್ರಶ್ನೆಯೂ ನಿನ್ನದೇ ಇರುತ್ತದೆ.

ಈ ಭಾನುವಾರ ಅಣ್ಣನಿಗೆ ಫೋನ್ ಮಾಡುತ್ತೇನೆ. ಅಷ್ಟರೊಳಗೆ ನೀನು ಕ್ಯಾಂಪಿನವರಿಗೆ ಮಾಡಿ, ಅವರು ಏನಂದರು ಅಂತ ನನಗೆ ತಿಳಿಸು.

ಬರುವಾಗ ಎರಡು ಹಳೆ ಚೂಡಿದಾರ್ ತಾ, ಅರಿಶಿನ ಮೆಣಸಿನ ಕಲೆ ಒಗೆದರೂ ಹೋಗುವುದಿಲ್ಲ. ಉದ್ದ ಗೆರೆ ಹಾಕಿದ ನೂರು ಪುಟದ ಒಂದು ಪುಸ್ತಕ ತಾ. ಉಗುರು ಕತ್ತರಿಸಿಕೊಂಡು ಬಾ. ಒದ್ದೆ ಕೈಯಲ್ಲಿ ಭರಣಿ ಮುಟ್ಟಿದರೆ ಉಪ್ಪಿನಕಾಯಿ ಬೂಸಲು ಹಿಡಿಯುತ್ತದೆ, ಹಾಗಾಗಿ ಒಣ ಬಟ್ಟೆ ಎರಡು ನಿನ್ನ ಹೆಸರಿಗೇ ತೆಗೆದಿಟ್ಟಿದ್ದೇನೆ.

ಅಮ್ಮನಿಗೆ ನೆನಪು ಹೇಳು.

ಇಂತಿ,
ನಿನ್ನ ಅತ್ತೆ