ಸುಮ್ನೆ ಓಡಾಡಬೇಡ, ಪುಟ್ಟಿ

ಪುಟ್ಟಿ,

ನೀನು ಕಳಿಸಿದ ಭಾಷಣದ ವಿಡಿಯೋ ನೋಡಿದೆ. ಮಾತು ಚೆನ್ನಾಗಿದೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಎರಡನೇ ಸಲ ಧ್ವನಿ ಬಂದ್ ಮಾಡಿ ನೋಡಿದೆ. ನೀನೂ ಹಾಗೇ ನೋಡು. ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಮತ್ತೆ ಇಲ್ಲಿಗೆ, ಏನೋ ಕಳೆದುಕೊಂಡು ಹುಡುಕುವವಳ ಹಾಗೆ ಓಡಾಡಿದ್ದೀಯ. ‘ವೇದಿಕೆ ಪೂರ್ತಿ ಬಳಸಿಕೋ’ ಅಂತ ಯಾರೋ ಹೇಳಿರಬೇಕು, ಅಲ್ವಾ?

ಮಾತು ಒಂದು ವಿಷಯ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಕಾಲೂ ಹೋಗಲಿ. ‘ಇದಾಯ್ತು, ಈಗ ಇನ್ನೊಂದು’ ಅನ್ನುತ್ತಾ ಮೂರು ನಾಲ್ಕು ಹೆಜ್ಜೆ ನಡೆ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಲ್ಲು, ಆ ಕಡೆ ಕೂತವರ ಮುಖ ನೋಡಿ ಆಮೇಲೆ ಶುರು ಮಾಡು. ತೂಕದ ಮಾತನ್ನಂತೂ ನಡೆಯುತ್ತಾ ಹೇಳಲೇಬೇಡ. ಕೇಳುವವರ ಕಣ್ಣು ನಿನ್ನ ಕಾಲಿನ ಹಿಂದೆ ಹೋದರೆ ಮಾತು ಅರ್ಧವೇ ಸಿಗುತ್ತದೆ.

ನಿನ್ನ ಭಾಷಣದಲ್ಲಿ ಹಿಂದೆ, ಈಗ, ಮುಂದೆ ಅಂತ ಮೂರು ಭಾಗ ಇದೆಯಲ್ಲ, ಹಳೆಯದನ್ನು ನಿನ್ನ ಬಲಗಡೆ ನಿಂತು ಹೇಳು, ಈಗಿನದನ್ನು ನಡುವೆ, ಮುಂದಿನದನ್ನು ಎಡಗಡೆ. ತಿರುಗಾಮುರುಗಾ ಅನಿಸಬಹುದು, ಆದರೆ ನಿನ್ನ ಬಲ ಎದುರಿಗೆ ಕೂತವರಿಗೆ ಎಡ, ಮತ್ತೆ ಕನ್ನಡ ಓದುವುದು ಎಡದಿಂದ ಬಲಕ್ಕೆ ತಾನೇ. ಒಮ್ಮೆ ಹೀಗೆ ಜಾಗ ಗೊತ್ತು ಮಾಡಿಕೊಂಡರೆ, ಹಳೆಯದನ್ನು ಮತ್ತೆ ನೆನಪಿಸಬೇಕಾದಾಗ ಆ ಕಡೆ ಒಂದು ಹೆಜ್ಜೆ ಸಾಕು, ಕೈ ತೋರಿಸಿದರೂ ನಡೆಯುತ್ತದೆ.

ನನ್ನದೊಂದು ಫಜೀತಿ ಹೇಳುತ್ತೇನೆ, ನಗಬೇಡ. ಜನರ ಹತ್ತಿರ ಹೋಗೋಣ ಅಂತ ಮೈಕ್ ಹಿಡಿದು ಸೀದಾ ಸ್ಪೀಕರ್ ಬಾಕ್ಸ್ ಮುಂದೆಯೇ ಹೋಗಿಬಿಟ್ಟಿದ್ದೆ. ಅದು ಕುಂಯ್ ಅಂತ ಕಿರುಚಿತು, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು, ನನಗೆ ಹೇಳಬೇಕಿದ್ದ ಮಾತೇ ಮರೆತುಹೋಯಿತು. ಅದಕ್ಕೇ ಜನ ಬರುವ ಮುಂಚೆ ಹೋಗಿ ಒಂದು ಸುತ್ತು ನಡೆದು ನೋಡು. ಯಾವ ಹಲಗೆ ಕಿರ್ ಅನ್ನುತ್ತದೆ, ವೈರ್ ಎಲ್ಲಿ ಕಾಲಿಗೆ ಸಿಗುತ್ತದೆ, ಲೈಟು ಎಲ್ಲಿವರೆಗೆ ಬೀಳುತ್ತದೆ, ಪ್ರೊಜೆಕ್ಟರ್ ಬೆಳಕು ಎಲ್ಲಿ ಮುಖಕ್ಕೆ ಹೊಡೆಯುತ್ತದೆ, ಎಲ್ಲಾ. ಮೈಕ್ ಒಂದೇ ಕಡೆ ನೆಟ್ಟಿದ್ದರೆ ಓಡಾಟದ ಆಸೆ ಬಿಡು. ನಿಂತಲ್ಲೇ ಕೈ, ಕಣ್ಣು ಇವೆ.

ಇನ್ನೊಂದು. ಯಾರಾದರೂ ಪ್ರಶ್ನೆ ಕೇಳಿದರೆ ಅವರ ಕಡೆ ಎರಡು ಹೆಜ್ಜೆ ಹೋಗಿ ಕೇಳಿಸಿಕೋ, ಉತ್ತರ ಕೊಡುವಾಗ ಹಿಂದೆ ಸರಿದು ಎಲ್ಲರಿಗೂ ಹೇಳು. ಹಿಂದೆ ಸರಿಯುವಾಗ ಬೆನ್ನು ಮಾತ್ರ ತೋರಿಸಬೇಡ.

ಮುಂದಿನ ವಿಡಿಯೋ ಕಳಿಸು. ಮೊದಲು ಧ್ವನಿ ಬಂದ್ ಮಾಡಿಯೇ ನೋಡುತ್ತೇನೆ.

ನಿನ್ನ ದೊಡ್ಡಪ್ಪ