ಮಗಳಿಗೊಂದು ಪತ್ರ: ಆ ದೀಪಕ್ಕೆ ಈಗಲೇ ಕರೆಂಟ್ ಕೊಡಬೇಡ

ದಾವಣಗೆರೆ
ಸೋಮವಾರ ರಾತ್ರಿ

ಪುಟ್ಟಿ,

ನಿನ್ನೆ ನೀನು ಫೋನ್ ಕಟ್ ಮಾಡಿದ ಮೇಲೆ ಎರಡು ಸಲ ಮಾಡಿದೆ, ಎತ್ತಲಿಲ್ಲ. "ಬಿಡ್ರಿ, ಸಿಟ್ಟು ಇಳಿದ ಮ್ಯಾಲೆ ತಾನೇ ಮಾಡ್ತಾಳೆ" ಅಂದಳು ನಿಮ್ಮವ್ವ. ಸಿಟ್ಟು ಇಳಿಯೋವರೆಗೆ ಆ ದೀಪ ಹಚ್ಚದೆ ಇರ್ತೀಯ ಅನ್ನೋ ನಂಬಿಕೆ ನನಗಿಲ್ಲ. ಅದಕ್ಕೇ ಈ ಕಾಗದ. ನಾಳೆ ಬಸ್ಸಿನ ಪಾರ್ಸೆಲ್ಲಿಗೆ ಒಂದು ಡಬ್ಬ ಹಾಕ್ತೀನಿ, ಅದನ್ನ ಬಿಚ್ಚಿದರೆ ಮೊದಲು ಸಿಗೋದು ಇದೇ.

"ಕಂಡೋರ ಮನೆ ಕಸ ಹೊತ್ಕೊಂಡು ಬಂದೀಯ" ಅಂದದ್ದು ತಪ್ಪಾಯಿತು. ಅದೂ ನಿನ್ನ ಗೆಳತಿಯರು ಪಕ್ಕದಲ್ಲೇ ನಿಂತು ವಿಡಿಯೋದಲ್ಲಿ ನಗ್ತಾ ಇದ್ದಾಗ. ವಾರವೆಲ್ಲ ದುಡಿದು ಭಾನುವಾರ ಮೂವರೂ ಸೇರಿ ಚಿಕ್ಕಪೇಟೆ ಸಂಡೇ ಬಜಾರಿಗೆ ಹೋಗಿದ್ರಿ, ಮೂರು ಸಾವಿರ ಹೇಳಿದ ಹಳೇ ಹಿತ್ತಾಳೆ ಟೇಬಲ್ ದೀಪಾನ ಸಾವಿರದ ಇನ್ನೂರಕ್ಕೆ ಇಳಿಸಿದ್ರಿ. ಅದಕ್ಕೆ ಭೇಷ್ ಅನ್ನಬೇಕಿತ್ತು. ಇಲ್ಲಿನ ಮಂಡಿಪೇಟೆಯಲ್ಲಿ ಚೌಕಾಸಿ ಮಾಡಿ ಪಳಗಿದವರಿಗೂ ಅಷ್ಟು ಇಳಿಸೋದು ಕಷ್ಟ. ಅದರ ಜೊತೆ ತಂದ ಬೆತ್ತದ ಕುರ್ಚಿಯೂ ಒಳ್ಳೇದೇ, ಮರ ತೇಗ ಇರಬೇಕು, ಕಾಲಿನ ಬಣ್ಣ ನೋಡಿದರೆ ಹಾಗನ್ನಿಸ್ತು.

ಆದರೆ ಆ ದೀಪಕ್ಕೆ ಕರೆಂಟ್ ಕೊಡಬೇಡ.

ವಿಡಿಯೋದಲ್ಲಿ ನೀನು ಅದನ್ನ ತಿರುಗಿಸಿ ತೋರಿಸಿದಾಗ ಎರಡು ವಿಷಯ ಕಣ್ಣಿಗೆ ಬಿತ್ತು. ವೈರಿನ ಮೇಲೆ ನೂಲಿನ ಹೊದಿಕೆ, ತುದಿಯಲ್ಲಿ ಗೋಡೆಗೆ ಚುಚ್ಚೋ ಟೂ ಪಿನ್ ಟಾಪ್. ಹಳೇ ಕಾಲದ ನೂಲಿನ ಹೊದಿಕೆಯ ವೈರಿನೊಳಗೆ ರಬ್ಬರ್ ಇರುತ್ತೆ. ವಯಸ್ಸಾದಂತೆ ಅದು ಒಣಗಿ, ಮಡಚಿದ ಕಡೆಯಲ್ಲೆಲ್ಲ ಹಪ್ಪಳದ ಹಾಗೆ ಸೀಳುತ್ತೆ. ಮೇಲಿನ ನೂಲು ಮಾತ್ರ ಚೆಂದಾಗೇ ಕಾಣ್ತಿರುತ್ತೆ. ಇನ್ನು ದೀಪದ ಅಡಿಯಲ್ಲಿ ವೈರು ಒಳಗೆ ಹೋಗೋ ತೂತಿದೆಯಲ್ಲ, ಅಲ್ಲಿ ಅಂಚು ತಾಗದ ಹಾಗೆ ಹಾಕೋ ರಬ್ಬರ್ ಬುಶ್ ಇರಲಿಲ್ಲ. ಹಿತ್ತಾಳೆಯ ಅಂಚು ಬ್ಲೇಡಿನಂಗಿರುತ್ತೆ. ಟೇಬಲ್ ಒರೆಸುವಾಗ ದೀಪ ಸರಿಸಿದಷ್ಟು ಸಲವೂ ಆ ಅಂಚು ವೈರನ್ನ ಒಂದು ಕೂದಲೆಳೆಯಷ್ಟು ಕೊಯ್ತಾ ಹೋಗುತ್ತೆ. ಕೊನೆಗೊಂದು ದಿನ ಫೇಸಿನ, ಅಂದರೆ ಕರೆಂಟ್ ಬರೋ ಎಳೆಯ, ತಾಮ್ರ ದೀಪದ ಮೈಗೆ ತಾಗುತ್ತೆ. ಟೂ ಪಿನ್‌ನಲ್ಲಿ ಅರ್ಥಿಂಗ್ ಇಲ್ಲ, ಸೋರಿದ ಕರೆಂಟ್ ನೆಲಕ್ಕೆ ಇಳಿಯೋ ದಾರಿ ಇಲ್ಲ. ಹಾಗಾಗಿ ಫ್ಯೂಸೂ ಹೋಗಲ್ಲ, ಮೈನ್ ಬೋರ್ಡಿನ ಎಂಸಿಬಿ ಸ್ವಿಚ್ಚೂ ಬೀಳಲ್ಲ, ಬಲ್ಬು ಯಾವಾಗಿನಂತೆ ಉರೀತಿರುತ್ತೆ. ದೀಪದ ಇಡೀ ಮೈ 230 ವೋಲ್ಟ್ ಹೊತ್ಕೊಂಡು ಸುಮ್ಮನೆ ಕೂತಿರುತ್ತೆ. ನೆಲ ಒರೆಸಿ ಬರಿಗಾಲಲ್ಲಿ ಬಂದು ಮುಟ್ಟಿದವರಿಗೇ ಗೊತ್ತಾಗೋದು.

ತೋಟದ ಮೋಟಾರ್ ಮನೆಯಲ್ಲಿ ಆದದ್ದು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನ ಇಲ್ಲಿ ಬರೆಯಲ್ಲ.

ಡಬ್ಬದಲ್ಲಿ ಇಟ್ಟಿರೋದು: ಮೂರು ಎಳೆಯ ಫ್ಲೆಕ್ಸಿಬಲ್ ತಾಮ್ರದ ವೈರು, 0.75 ಸ್ಕ್ವೇರ್ ಎಂಎಂ, ಮೂರು ಮೀಟರ್. 6 ಆಂಪಿಯರ್ ತ್ರೀ ಪಿನ್ ಟಾಪ್ ಒಂದು. ಹಿತ್ತಾಳೆ ಹೋಲ್ಡರ್ ಒಂದು. ಹಳೇ ಬೇಕಲೈಟ್ ಹೋಲ್ಡರ್ ಬಿಸಿ ತಿಂದು ತಿಂದು ಪುಡಿಪುಡಿ ಆಗಿರುತ್ತೆ, ಅದನ್ನ ಎಸಿ. ರಬ್ಬರ್ ಬುಶ್ ಎರಡು, ವೈರಿನ ತುದಿಗೆ ಹಾಕೋ ಉಂಗುರದ ಲಗ್ ಎರಡು, ಮೋಟಾರ್ ವೈಂಡಿಂಗಿನ ವೈರಿಗೆ ತೊಡಿಸೋ ಸ್ಲೀವ್ ಒಂದು ತುಂಡು. ನಿಮ್ಮ ಬೀದಿಯ ಎಲೆಕ್ಟ್ರಿಷಿಯನ್ನನ್ನ ಕರೆಸು. ಇಲ್ಲಾ ನೀನೇ ಮಾಡಿ, ಪ್ಲಗ್ಗಿಗೆ ಹಾಕೋ ಮೊದಲು ಅವನಿಗೆ ತೋರಿಸು. ಕೆಲಸ ಕಷ್ಟದ್ದಲ್ಲ. ಹಳೇ ವೈರನ್ನ ಎಳೆದು ಎಸೆಯೋ ಮೊದಲು ಅದರ ತುದಿಗೆ ಹೊಸದನ್ನ ಟೇಪಲ್ಲಿ ಬಿಗಿಯಾಗಿ ಕಟ್ಟಿ ಎಳಿ, ಲಾಡಿ ಏರಿಸಿದ ಹಾಗೆ ಕೊಳವೆಯೊಳಗೆ ತಾನೇ ಬರುತ್ತೆ. ತೂತಿಗೆ ಬುಶ್ ಮೊದಲೇ ಕೂರಿಸಿರಬೇಕು. ಒಳಗೆ ವೈರಿಗೊಂದು ಗಂಟು ಹಾಕು, ಯಾರಾದರೂ ಎಡವಿ ಎಳೆದರೂ ಆ ಜಗ್ಗಾಟ ಹೋಲ್ಡರಿನ ಸ್ಕ್ರೂವರೆಗೆ ಹೋಗಬಾರದು.

ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಈ ಹಸಿರು-ಹಳದಿ ಎಳೆಗೆ ಲಗ್ ಹಾಕಿ ದೀಪದ ಅಡಿಯ ನಟ್ಟಿಗೆ ಬಿಗಿ. ಬಿಗಿಯೋ ಜಾಗವನ್ನ ಮೊದಲು ಉಪ್ಪುಕಾಗದದಲ್ಲಿ ಹಿತ್ತಾಳೆ ಹೊಳೆಯೋವರೆಗೆ ಉಜ್ಜು, ಮೇಲೆ ವಾರ್ನಿಶ್ ಅಥವಾ ಕಿಲುಬು ಉಳಿದರೆ ಕಟ್ಟಿಯೂ ಕಟ್ಟದ ಹಾಗೆ. ಟಾಪಿನೊಳಗೆ ಅರ್ಥ್ ಎಳೆಯನ್ನ ಉಳಿದೆರಡಕ್ಕಿಂತ ಒಂದು ಬೆರಳು ಉದ್ದ ಬಿಡು. ವೈರು ಕಿತ್ತುಬಂದರೂ ಕೊನೆಗೆ ಬಿಡಬೇಕಾದ್ದು ಅದು.

ಆಮೇಲೆ ಪರೀಕ್ಷೆ. ಟಾಪ್ ಗೋಡೆಗೆ ಹಾಕಿರಬಾರದು, ಬಲ್ಬು ತೆಗೆದಿರಬೇಕು, ದೀಪಕ್ಕೆ ಸ್ವಿಚ್ ಇದ್ದರೆ ಅದು ಆನ್ ಆಗಿರಬೇಕು. ಮಲ್ಟಿಮೀಟರನ್ನ ಬಜರಿಗೆ ಇಡು, ಎರಡು ಕಡ್ಡಿಯ ನಡುವೆ ಕರೆಂಟ್ ಹರಿಯೋ ದಾರಿ ಇದ್ದರೆ ಅದು ಕೂಗುತ್ತೆ. ಒಂದು ಕಡ್ಡಿ ಟಾಪಿನ ದಪ್ಪ ಪಿನ್ನಿಗೆ, ಇನ್ನೊಂದು ದೀಪದ ಮೈಗೆ: ಕೂಗಬೇಕು. ಒಂದು ಕಡ್ಡಿ ಮೈ ಮೇಲೇ ಇರಲಿ, ಇನ್ನೊಂದನ್ನ ಸಣ್ಣ ಪಿನ್ನುಗಳಿಗೆ ಒಂದೊಂದಾಗಿ ಮುಟ್ಟಿಸು: ಕೂಗಬಾರದು. ಟೆಸ್ಟರ್ ಸ್ಕ್ರೂಡ್ರೈವರ್ ಉರೀಲಿಲ್ಲ ಅಂದಮಾತ್ರಕ್ಕೆ ಸರಿಯಿದೆ ಅಂದುಕೋಬೇಡ. ಅದರ ಮಾತು ನಂಬಿ ಕೈ ಸುಟ್ಟುಕೊಂಡವರು ಬಹಳ. ಬಲ್ಬು 5 ಅಥವಾ 7 ವ್ಯಾಟಿನ ಎಲ್ಇಡಿ ಸಾಕು. ಹಳೇ ಗುಂಡು ಬಲ್ಬು 60 ವ್ಯಾಟಿನದು ಹಾಕಿದರೆ ನೀವು ಮಾಡಬೇಕು ಅಂದ ಬಟ್ಟೆ ಶೇಡು ಕಪ್ಪಗಾಗುತ್ತೆ.

ಸರಿ, ದೀಪದ್ದು ಮುಗೀತು. ಕುರ್ಚಿಗೆ ಬರೋಣ.

ಕುರ್ಚಿಯನ್ನ ರೂಮಿಗೆ ತಂದುಬಿಟ್ಟಿದ್ದರೆ ಇವತ್ತೇ ಟೆರೇಸಿಗೆ ಸಾಗಿಸು. ಬೆತ್ತ ಹೆಣೆದ ಕುರ್ಚಿ ತಿಗಣೆಗೆ ತವರುಮನೆ. ಬೆತ್ತ ಚೌಕಟ್ಟಿನೊಳಗೆ ಇಳಿಯೋ ತೂತುಗಳು, ಕಾಲಿನ ಸಂದು, ಸೀಟಿನ ಕೆಳಗಡೆ, ಎಲ್ಲಾ ಕಡೆ ಟಾರ್ಚ್ ಹಾಕಿ ನೋಡು. ಪೆನ್ನಿನ ಮೊನೆಯಲ್ಲಿ ಚುಕ್ಕಿ ಇಟ್ಟಂಥ ಕರೀ ಕಲೆ ಇದ್ದರೆ ಅವು ಇದಾವೆ ಅಂತ. ಬಿಸಿಲಿಗಿಟ್ಟರೆ ಸಾಯ್ತಾವೆ ಅಂತಾರೆ, ಬರೀ ಬಿಸಿಲಿಗೆ ಅವು ನೆರಳಿನ ಕಡೆ ಸರಿದು ಕೂತ್ಕೋತಾವೆ. ಕುದಿಯೋ ನೀರನ್ನ ಸಂದುಸಂದಿಗೂ ಸುರಿ, ವಾರ ಬಿಟ್ಟು ಇನ್ನೊಮ್ಮೆ ಸುರಿ, ಮೊಟ್ಟೆ ಒಡೆದು ಬಂದವು ಆಗ ಸಿಗ್ತಾವೆ. ಪಾಲಿಶ್ ಹೋಗುತ್ತೆ, ಹೋಗಲಿ, ಹೇಗೂ ಉಜ್ಜಿ ಹೊಸದು ಹಾಕೋದಿದೆ. ಸೀಮೆಎಣ್ಣೆ ಸುರಿಯೋ ಕೆಲಸ ಬೇಡ, ವಾಸನೆ ತಿಂಗಳಾದರೂ ಹೋಗಲ್ಲ, ಬೆಂಕಿಯ ಭಯ ಬೇರೆ.

ಕಾಲಿನಲ್ಲಿ ಗುಂಡುಸೂಜಿ ತೂತುಗಳಿದ್ದರೆ ಕೆಳಗೆ ಒಂದು ಕರೀ ಕಾಗದ ಹಾಸಿ ಎರಡು ದಿನ ಬಿಡು. ಹಿಟ್ಟಿನಂಥ ಬಿಳಿ ಪುಡಿ ಬಿದ್ದರೆ ಹುಳ ಒಳಗೆ ಜೀವಂತ ಇದೆ. ಬಡಗಿ ಸಾಮಾನಿನ ಅಂಗಡಿಯಲ್ಲಿ ಹುಳದ ಔಷಧಿ ಸಿಗುತ್ತೆ, ಸಿರಿಂಜಿನಲ್ಲಿ ತೂತಿಗೆ ಬಿಡು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೆಲವು ದಿನ ಇಡು, ಆಮೇಲೆ ಮೇಣ ತುಂಬು. ಅಲುಗೋ ಕಾಲಿಗೆ ಮೊಳೆ ಹೊಡೀಬೇಡ, ಒಣಗಿದ ಮರ ಸೀಳುತ್ತೆ. ಕೀಲು ಬಿಚ್ಚಿ, ಹಳೇ ಅಂಟನ್ನ ಪೂರ್ತಿ ಕೆರೆದು (ಅದರ ಮೇಲೆ ಹೊಸದು ಹಿಡಿಯಲ್ಲ), ಫೆವಿಕಾಲ್ ಹಚ್ಚಿ, ನಾಲ್ಕೂ ಕಾಲಿಗೆ ಸುತ್ತ ಹಗ್ಗ ಕಟ್ಟಿ ಒಂದು ಕೋಲು ತೂರಿಸಿ ತಿರುವಿ ಬಿಗಿ ಮಾಡು. 24 ಗಂಟೆ ಯಾರೂ ಕೂರಬಾರದು. ಜೋತು ಬಿದ್ದ ಬೆತ್ತ ಎಲ್ಲೂ ಕಡಿದಿಲ್ಲ ಅಂದರೆ ಬದಲಾಯಿಸೋದು ಬೇಡ. ಕುರ್ಚಿ ಬೋರಲು ಹಾಕಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನ ಸೀಟಿನ ತಳಕ್ಕೆ ಅರ್ಧ ಗಂಟೆ ಹಾಸಿ, ಒಣಗಲು ಬಿಡು. ಬೆತ್ತ ಒಣಗ್ತಾ ಬಿಗಿದುಕೊಳ್ಳುತ್ತೆ, ಬೆಳಗ್ಗೆ ತಟ್ಟಿದರೆ ತಮಟೆಯ ಹಾಗೆ ಸದ್ದು ಬರಬೇಕು. ಪಾಲಿಶಿಗೆ ಮೊದಲು 80, ಆಮೇಲೆ 120, ಕೊನೆಗೆ 220 ನಂಬರಿನ ಉಪ್ಪುಕಾಗದ, ಮರದ ಎಳೆ ಹೋದ ಕಡೆಗೇ ಉಜ್ಜು. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೇ ಎದ್ದು ಕಾಣೋದು.

ಮುಂದಿನ ವಾರ ಬಣ್ಣ ಹಚ್ಚಿದ ಕಪಾಟೇನಾದರೂ ಕಣ್ಣಿಗೆ ಬಿದ್ದರೆ ಹುಷಾರು. ಮನೆಗೆ ಹಚ್ಚೋ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನ ಒಣಗಿದ್ದಾಗಲೇ ಉಜ್ಜಿದರೆ ಧೂಳು ಎದೆಯೊಳಗೆ ಹೋಗುತ್ತೆ. ನೀರು ಹಚ್ಚಿ ವಾಟರ್ ಪೇಪರಿನಲ್ಲಿ ಉಜ್ಜು, ಮಾಸ್ಕ್ ಹಾಕು, ನೆಲಕ್ಕೆ ಹಾಸಿದ ಪೇಪರನ್ನ ಹಸಿಯಿದ್ದಾಗಲೇ ಮಡಚಿ ಬಿಸಾಡು.

ನೋಡು, ಬೈಗುಳ ವಾಪಸ್ ತಗೊಳ್ಳೋಕೆ ಬರೆಯೋಕೆ ಕೂತು ಪಾಠ ಶುರು ಮಾಡಿದೆ. ನಿಮ್ಮವ್ವ ಈಗ ಇಣುಕಿ ನೋಡಿ "ಇದೇನು ಕಾಗದಾನೋ, ಎಸ್ಟಿಮೇಟೋ" ಅಂತ ಹೋದಳು.

ಬಜಾರಿನ ವಿಷಯ ಎರಡು ಮಾತು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಭಾನುವಾರ ಅಂಗಡಿಗಳ ಬಾಗಿಲು ಹಾಕಿರುತ್ತೆ, ಫುಟ್‌ಪಾತಿನ ಮೇಲೆ ಹಳೇ ಸಾಮಾನು ಹರಡಿರ್ತಾರೆ. ಬೆಳಗ್ಗೆ ಬೇಗ ಹೋಗಿ. ಚೀಲದಲ್ಲಿ ಟೇಪು, ಟಾರ್ಚು, ಒಂದು ಅಯಸ್ಕಾಂತ ಇರಲಿ. ಅಯಸ್ಕಾಂತ ಹಿಡಿದರೆ ಅದು ಹಿತ್ತಾಳೆಯಲ್ಲ, ಕಬ್ಬಿಣಕ್ಕೆ ಬಳಿದ ಬಣ್ಣ ಅಥವಾ ಲೇಪ. ಅಂಥದನ್ನ ಹುಣಸೆಹಣ್ಣಲ್ಲಿ ಉಜ್ಜಿದರೆ ಲೇಪವೂ ಹೋಗಿ ತುಕ್ಕು ಹಿಡಿಯುತ್ತೆ. ನಿಜವಾದ ಹಿತ್ತಾಳೆಗೆ ಹುಣಸೆಹಣ್ಣು ಉಪ್ಪು ಸಾಕು, ಉಜ್ಜಿದ ತಕ್ಷಣ ತೊಳೆದು ಒರೆಸಬೇಕು. ಹುಳಿಯಲ್ಲೇ ರಾತ್ರಿಯಿಡೀ ಬಿಟ್ಟರೆ ತಾಮ್ರದ ಹಾಗೆ ಕೆಂಪು ತಿರುಗುತ್ತೆ. ಬಿಲ್ ಇಲ್ಲದ ಮೊಬೈಲು, ಕ್ಯಾಮೆರಾ ಎಷ್ಟು ಅಗ್ಗವಾದರೂ ಮುಟ್ಟಬೇಡಿ, ಯಾರ ಜೇಬಿಂದ ಬಂದದ್ದೋ. ಕಪ್ಪು ಚುಕ್ಕಿ ಬಿದ್ದ ಕನ್ನಡಿ ರಿಪೇರಿ ಆಗಲ್ಲ, ಹಿಂದಿನ ರಸ ಹೋಗಿರುತ್ತೆ. ಚುಕ್ಕಿಯೇ ಚೆಂದ ಅನ್ನಿಸಿದರೆ ತಗೊಳ್ಳಿ.

ಮೂವರ ದುಡ್ಡಲ್ಲಿ ಏನು ತಂದರೂ ಯಾರು ಎಷ್ಟು ಕೊಟ್ಟರು ಅಂತ ಅವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಲೆಕ್ಕ ಕೇಳೋದು ಸಣ್ಣತನ ಅಲ್ಲ. ಮನೆ ಖಾಲಿ ಮಾಡೋ ದಿನ ಒಂದು ಕುರ್ಚಿಗೆ ಮೂವರು ಮುಖ ತಿರುಗಿಸೋದು ಬೇಡ. ಗೋಡೆಗೆ ಡ್ರಿಲ್ ಹಾಕೋ ಮೊದಲು ಮಾಲೀಕರನ್ನ ಕೇಳು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಮಾತ್ರ ಯಾರು ಹೇಳಿದರೂ ಹಾಕಬೇಡ, ಒಳಗಿನ ವೈರಿನ ಪೈಪು ಹೋಗೋದು ಹಾಗೇ.

ಪರದೆಗೆ ಅಂತ ನೀನು ಅಜ್ಜಿಯ ಮೊಳಕಾಲ್ಮೂರು ಸೀರೆ ಕೇಳಿದ್ದೆ. ರೇಷ್ಮೆ ಬಿಸಿಲಿಗೆ ಲಡ್ಡಾಗುತ್ತೆ, ಒಂದೆರಡು ಬೇಸಿಗೆಗೆ ಮಡಿಕೆ ಮಡಿಕೆಯಲ್ಲಿ ಹರಿಯುತ್ತೆ. ನಿಮ್ಮವ್ವ ಅದರ ಬದಲು ಎರಡು ಹತ್ತಿ ಸೀರೆ ಇಟ್ಟಿದಾಳೆ. ಲೆಕ್ಕ ಅವಳದೇ: ಸೀರೆ 18 ಅಡಿ. ಏಳಡಿ ಪರದೆಗೆ ಮಡಿಕೆ ಸೇರಿ ಏಳೂವರೆ ಅಡಿಯಂತೆ ಎರಡು ತುಂಡು, ನಾಲ್ಕಡಿ ರಾಡಿಗೆ ನೆರಿಗೆ ಸಮೇತ ಎರಡೂ ಸರಿಯಾಗುತ್ತೆ. ಉಳಿದ ಮೂರಡಿಯಲ್ಲಿ 16 ಇಂಚಿನ ಎರಡು ದಿಂಬಿನ ಕವರು. ಹಿಂದೆ ಒಂದರ ಮೇಲೊಂದು ಬರೋ ಹಾಗೆ ಮಡಚಿ ಹೊಲಿದರೆ ಗುಂಡಿ, ಜಿಪ್ ಏನೂ ಬೇಡ. ಕತ್ತರಿಸೋ ಮೊದಲು ಒಮ್ಮೆ ಒಗೆದು ಒಣಗಿಸಬೇಕಂತೆ. ಚಳ್ಳಕೆರೆ ಕಂಬಳಿಯೂ ಒಂದಿದೆ, ನೆಲಕ್ಕೆ ಹಾಸು, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೊಡವು, ಇಲ್ಲದಿದ್ದರೆ ಹುಳ ತಿನ್ನುತ್ತೆ. ಚುಚ್ಚುತ್ತೆ ಅಂತ ದೂರಬೇಡ, ಕಂಬಳಿ ಅಂದಮೇಲೆ ಚುಚ್ಚುತ್ತೆ.

ದೀಪದ್ದು ಮುಗೀತು ಅಂದಿದ್ದೆ, ಮುಗಿದಿಲ್ಲ.

ತ್ರೀ ಪಿನ್ ಹಾಕಿದೆ ಅಂದಮಾತ್ರಕ್ಕೆ ಅರ್ಥ್ ಬಂತು ಅಂತಲ್ಲ. ಹಳೇ ಬಾಡಿಗೆ ಮನೆಗಳಲ್ಲಿ ಪ್ಲಗ್ಗಿನ ದೊಡ್ಡ ತೂತಿನ ಹಿಂದೆ ಎಷ್ಟೋ ಕಡೆ ತಂತಿಯೇ ಇರಲ್ಲ. ಎಲೆಕ್ಟ್ರಿಷಿಯನ್ ಬಂದಾಗ ನಿನ್ನ ಟೇಬಲ್ ಪಕ್ಕದ ಪ್ಲಗ್ಗನ್ನೂ ನೋಡಿಸು. ಮೈನ್ ಬೋರ್ಡಿನಲ್ಲಿ 'ಟಿ' ಅಂತ ಸಣ್ಣ ಗುಂಡಿ ಇರೋ ಆರ್‌ಸಿಸಿಬಿ, ಕರೆಂಟ್ ಸೋರಿದರೆ ತಾನೇ ಬೀಳೋ ಸ್ವಿಚ್, ಇದೆಯಾ ನೋಡು. 30 ಮಿಲಿ ಆಂಪಿಯರಿನದು ಇರಬೇಕು. ಎಂಸಿಬಿ ವೈರನ್ನ ಕಾಯುತ್ತೆ, ಮನುಷ್ಯರನ್ನ ಕಾಯೋದು ಇದು. ಗುಂಡಿ ಒತ್ತಿದರೆ ಟಪ್ ಅಂತ ಬೀಳಬೇಕು. ಬೀಳಲಿಲ್ಲ ಅಂದರೆ, ಅಥವಾ ಅದು ಇಲ್ಲವೇ ಇಲ್ಲ ಅಂದರೆ, ಮಾಲೀಕರ ಜೊತೆ ನಾನು ಮಾತಾಡ್ತೀನಿ. "ಅಪ್ಪಾ, ನೀನು ಮಧ್ಯ ಬರಬೇಡ" ಅಂತೀಯ, ಗೊತ್ತು. ಅದರ ಖರ್ಚು ನನ್ನದು ಅಂತ ಹೇಳೋಕಷ್ಟೇ ಮಾತಾಡ್ತೀನಿ.

ನಿನ್ನೆ ಹಾಗಂದದ್ದು ಹಳೇ ಸಾಮಾನು ತಂದೆ ಅಂತಲ್ಲ. ನೀನು ದೀಪಾನ ಎದೆಗೆ ಆನಿಸಿ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಆ ಟೂ ಪಿನ್ನನ್ನ ಗೋಡೆ ಕಡೆ ಒಯ್ತಾ "ಅಪ್ಪಾ, ನೋಡು ಹೆಂಗೆ ಉರಿಯುತ್ತೆ" ಅಂದೆ. ಕೆಳಗೆ ನೆಲ ಹಸಿ ಇತ್ತು, ಆಗಷ್ಟೇ ಒರೆಸಿದ್ರಿ. ಬಾಯಿಗೆ ಬಂದದ್ದು ಕಸ ಅನ್ನೋ ಮಾತು. ನಿಲ್ಲಿಸು ಅನ್ನೋದೊಂದೇ ನನಗೆ ಬೇಕಾಗಿದ್ದದ್ದು. ನೀನು ನಿಲ್ಲಿಸಿದೆ, ಫೋನನ್ನೂ ನಿಲ್ಲಿಸಿದೆ.

ಅವ್ವ ಡಬ್ಬದಲ್ಲಿ ಮಂಡಕ್ಕಿ, ಖಾರದ ಪುಡಿ ಇಟ್ಟಿದಾಳೆ, ಮೂವರಿಗೂ. ಲಗ್ಗುಗಳು ಮಂಡಕ್ಕಿಯೊಳಗೆ ಸೇರಬಾರದು ಅಂತ ಬೇರೆ ಪೊಟ್ಟಣ ಕಟ್ಟಿ ಮೇಲೆ "ಅರ್ಥ್" ಅಂತ ಕೆಂಪು ಪೆನ್ನಿನಲ್ಲಿ ಬರೆದಿದೀನಿ. ಒಂದೇ ಸಾಕು, ಎರಡು ಇಟ್ಟಿದೀನಿ. ದೀಪ ಸರಿಯಾದ ಮೇಲೆ ವಿಡಿಯೋ ಮಾಡು, ಆ ಪ್ಲಗ್ಗನ್ನ ಮೊದಲು ತೋರಿಸು, ಆಮೇಲೆ ಹಚ್ಚು.

ಇಂತಿ ನಿನ್ನ
ಅಪ್ಪ